ಬರೆಯುವವರ ಸಂಗ: ಕಾವ್ಯಗೋಷ್ಠಿಯಿಂದ ಸಾಮಾಜಿಕ ಜಾಲತಾಣದವರೆಗೆ

ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯ ಹತ್ತನೆಯ ಅಧ್ಯಾಯದಲ್ಲಿ ಕವಿಯ ದಿನಚರ್ಯೆಯನ್ನು ಗೊತ್ತುಮಾಡಿಕೊಟ್ಟಿದ್ದಾನೆ. ಹಗಲನ್ನು ನಾಲ್ಕು ಯಾಮಗಳಾಗಿ ವಿಂಗಡಿಸಿ, ಮೊದಲನೆಯದನ್ನು ವಿದ್ಯಾಭ್ಯಾಸಕ್ಕೂ ಎರಡನೆಯದನ್ನು ಕಾವ್ಯರಚನೆಗೂ ಮೀಸಲಾಗಿರಿಸಿ, ಊಟವಾದ ಮೇಲೆ ಮೂರನೆಯ ಯಾಮದಲ್ಲಿ ಕಾವ್ಯಗೋಷ್ಠಿಯನ್ನು ನಡಸಬೇಕೆಂದೂ, ನಾಲ್ಕನೆಯದರಲ್ಲಿ ಒಬ್ಬನೇ ಆಗಲಿ, ಮಿತವಾದ ಪರಿಷತ್ತಿನೊಡನೆ ಆಗಲಿ ಕುಳಿತು ಬೆಳಿಗ್ಗೆ ರಚಿಸಿದುದನ್ನು ಪರೀಕ್ಷಿಸಬೇಕೆಂದೂ ಹೇಳುತ್ತಾನೆ. ಈ ಕಡೆಯ ವಿಧಿಗೆ ಅವನು ಕೊಡುವ ಕಾರಣ ಗಮನಾರ್ಹವಾದುದು: ರಸಾವೇಶದಿಂದ ಬರೆಯುತ್ತಿರುವಾಗ ಕವಿಗೆ ವಿವೇಚನೆಯ ಕಣ್ಣಿರುವುದಿಲ್ಲ, ಆದಕಾರಣ ಆಮೇಲೆ ನೋಡಬೇಕು. ಹತ್ತನೆಯ ಶತಮಾನದ ಆದಿಭಾಗದಲ್ಲಿ ಕನೋಜಿನ ಪ್ರತೀಹಾರ ದೊರೆಗಳ ಆಶ್ರಯದಲ್ಲಿದ್ದ ಈ ಆಲಂಕಾರಿಕನಿಗೆ ಬರವಣಿಗೆಯು ಕೇವಲ ಏಕಾಂತದ ವ್ಯಾಪಾರವೆಂದು ತೋರಿರಲಿಲ್ಲ. ಏಕಾಂತ, ಬಹುಜನರ ಗೋಷ್ಠಿ, ಕೆಲವೇ ಆಪ್ತರ ಕೂಟ, ಈ ಮೂರೂ ಒಂದೇ ದಿನದಲ್ಲಿ ಬೇರೆ ಬೇರೆ ಹೊತ್ತಿಗೆ ಬೇರೆ ಬೇರೆ ಕೆಲಸಕ್ಕಾಗಿ ಒದಗಬೇಕೆಂಬುದು ಅವನ ಅಭಿಪ್ರಾಯ.

ಇಂದು ನಮ್ಮ ಕಾಲೇಜುಗಳಲ್ಲಿ ಬರೆಯುವ ಹವ್ಯಾಸವುಳ್ಳ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಗೋಷ್ಠಿಯನ್ನು ಕಂಡುಕೊಳ್ಳುತ್ತಿರುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ. ಅಧ್ಯಾಪಕರಲ್ಲಿಯೂ ಇಂಥವರು ವಿರಳರಲ್ಲ. ಹಿರಿಯರಲ್ಲಿ ಕೆಲವರು ಇದನ್ನು ಬರಿಯ ಕಾಲಹರಣವೆಂದು ಕಡೆಗಣಿಸುವುದುಂಟು. ಕಿರಿಯರಲ್ಲಿ ಕೆಲವರು ಅದಿಲ್ಲದೆ ಬರೆಯುವುದೇ ಆಗದೆಂದು ನಂಬಿರುವುದೂ ಉಂಟು. ಈ ಎರಡು ಮಾತೂ ವಿಚಾರವನ್ನು ಮುಂದಕ್ಕೆ ಒಯ್ಯುವುದಿಲ್ಲ. ಅರ್ಧಕ್ಕೆ ನಿಂತ ಪ್ರಬಂಧಗಳೂ ಮೂರನೆಯ ಅಧ್ಯಾಯವನ್ನು ದಾಟದ ಕಾದಂಬರಿಗಳೂ ನಮ್ಮವರ ಮೇಜಿನ ಖಾನೆಗಳಲ್ಲಿ ಎಷ್ಟು ಬಿದ್ದಿವೆಯೆಂಬುದನ್ನು ಬಲ್ಲವರಿಗೆ ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ ಆಗಿದೆ. ಸಹಲೇಖಕರ ಸಂಗದಿಂದ ಬರವಣಿಗೆ ನಿಜವಾಗಿಯೂ ಮುಂದುವರಿಯುತ್ತದೆಯೆ? ಮುಂದುವರಿಯುವುದಾದರೆ ಯಾವ ಬಗೆಯ ಸಂಗದಿಂದ? ಜಾಲತಾಣದ ಸಂಗವು ರಾಜಶೇಖರನು ಹೇಳಿದ ಮೂರರಲ್ಲಿ ಯಾವುದರ ಜಾಗದಲ್ಲಿ ನಿಲ್ಲತಕ್ಕದ್ದು?

ಮೊದಲು ಈ ಜಾಲತಾಣಗಳ ಸಂಗ ಹೇಗೆ ಏರ್ಪಟ್ಟಿತೆಂಬುದನ್ನು ಸ್ಥೂಲವಾಗಿ ಅರಿಯುವುದು ಒಳ್ಳೆಯದು. ಫೇಸ್‌ಬುಕ್ ೨೦೦೪ರಲ್ಲಿಯೂ ಟ್ವಿಟರ್ ೨೦೦೬ರಲ್ಲಿಯೂ ಹುಟ್ಟಿದುವು. ಎರಡನೆಯದಕ್ಕೆ ೨೦೨೩ರಿಂದ ಎಕ್ಸ್ ಎಂದು ಹೆಸರು. ಟ್ವಿಟರಿನಲ್ಲಿ ಒಂದೇ ವಿಷಯದ ಮಾತುಗಳನ್ನು ಒಟ್ಟುಗೂಡಿಸಲು ಪದದ ಹಿಂದೆ ಒಂದು ಗುರುತನ್ನು ಹಚ್ಚುವ ಪದ್ಧತಿ ೨೦೦೭ರಿಂದ ಬೆಳೆಯಿತು. ಈ ಹ್ಯಾಷ್‌ಟ್ಯಾಗ್ ಎಂಬುದರಿಂದ ಪರಸ್ಪರ ಅರಿಯದ ಬರೆಹಗಾರರು ಒಬ್ಬರನ್ನೊಬ್ಬರು ಕಂಡುಕೊಳ್ಳುವುದು ಸುಲಭವಾಯಿತು. ‘ಬರೆಯುತ್ತಿದ್ದೇನೆ’ ಎಂಬ ಅರ್ಥದ ಒಂದು ಗುರುತನ್ನು ಹಚ್ಚಿ, ಇಂದು ಎಷ್ಟು ಪದ ಬರೆದೆ, ಎಲ್ಲಿ ಸಿಕ್ಕಿಕೊಂಡೆ ಎಂದು ಹೇಳಿಕೊಳ್ಳುವುದು ಇಂಗ್ಲಿಷ್ ಬರೆಹಗಾರರಲ್ಲಿ ರೂಢಿಯಾಯಿತು. ಕನ್ನಡದವರು ಇಲ್ಲಿಗೆ ಬರುವುದಕ್ಕೆ ಲಿಪಿಯ ತೊಡಕು ಅಡ್ಡವಾಗಿತ್ತು. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಸಾಮಾನ್ಯ ಗಣಕಗಳಲ್ಲಿ ಬಳಕೆಗೆ ಬರಲು ವರ್ಷಗಳೇ ಹಿಡಿದುವು. ೧೯೯೮ರಲ್ಲಿ ಬಂದ ‘ಬರಹ’ ತಂತ್ರಾಂಶವು ಮನೆಯ ಗಣಕದಲ್ಲಿ ಕನ್ನಡ ಬರೆಯುವುದನ್ನು ಅನೇಕರಿಗೆ ಕಲಿಸಿತು. ಆದರೆ ಆ ಕಾಲದಲ್ಲಿ ಒಬ್ಬರು ಬರೆದುದನ್ನು ಇನ್ನೊಬ್ಬರು ಓದಬೇಕಾದರೆ ಇಬ್ಬರ ಗಣಕದಲ್ಲಿಯೂ ಒಂದೇ ಅಕ್ಷರಗುಚ್ಛ ಇರಬೇಕಾಗಿತ್ತು. ಯೂನಿಕೋಡ್ ಸಾರ್ವತ್ರಿಕವಾದ ಮೇಲೆ ಮತ್ತು ಕನ್ನಡದ ಕೀಲಿಮಣೆ ಮೊಬೈಲ್ ಫೋನಿಗೆ ಬಂದ ಮೇಲೆ ಕನ್ನಡ ಬರೆಹಗಾರರು ಜಾಲತಾಣಗಳಲ್ಲಿ ನೆರೆದುದು ಹಠಾತ್ತಾಗಿ. ಬೆಂಗಳೂರಿನಲ್ಲಿ ೨೦೧೪ರಲ್ಲಿ ಆರಂಭವಾದ ‘ಪ್ರತಿಲಿಪಿ’ಯಂತಹ ತಾಣಗಳಲ್ಲಿ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳವರು ಧಾರಾವಾಹಿಗಳನ್ನು ಕಂತುಕಂತಾಗಿ ಬರೆದು ಓದುಗರೊಡನೆ ನೇರವಾಗಿ ಮಾತಾಡುತ್ತಿದ್ದಾರೆ.

ಸಂಗದಿಂದ ಬರವಣಿಗೆ ಬೆಳೆಯುವುದೆಂಬ ನಂಬಿಕೆಯನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಡ್ಡಿದ ಪ್ರಯತ್ನವು ಅಮೆರಿಕದಲ್ಲಿ ನಡೆಯಿತು. ೧೯೯೯ರ ಜುಲೈ ತಿಂಗಳಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದ ಕ್ರಿಸ್ ಬೇಟಿ ಎಂಬ ತರುಣನು ಇಪ್ಪತ್ತು ಮಂದಿ ಗೆಳೆಯರನ್ನು ಕೂಡಿಸಿಕೊಂಡು, ಒಂದೇ ತಿಂಗಳಿನಲ್ಲಿ ಒಬ್ಬೊಬ್ಬರೂ ೫೦,೦೦೦ ಪದಗಳ ಕಾದಂಬರಿಯನ್ನು ಬರೆಯತಕ್ಕದ್ದೆಂದು ಪಂಥ ಹೂಡಿದನು. ೨೧ ಜನರಲ್ಲಿ ಗುರಿ ಮುಟ್ಟಿದವರು ಆರು ಮಂದಿ. ಮರುವರ್ಷ ಈ ಕಾರ್ಯವನ್ನು ನವೆಂಬರಿಗೆ ಬದಲಾಯಿಸಿದರು. ೧೪೦ ಮಂದಿ ಸೇರಿದರು. ೨೦೦೧ರಲ್ಲಿ ಬಂದವರು ಸುಮಾರು ೫,೦೦೦. ‘ನ್ಯಾನೋರೈಮೋ’ ಎಂಬ ಸಂಕ್ಷಿಪ್ತ ನಾಮದಿಂದ ಪ್ರಸಿದ್ಧವಾದ ಈ ‘ರಾಷ್ಟ್ರೀಯ ಕಾದಂಬರಿ ರಚನಾ ಮಾಸ’ವು ಹೆಸರಿಗೆ ಮಾತ್ರ ರಾಷ್ಟ್ರೀಯವಾಗಿ ಉಳಿದು, ಬೇರೆ ಬೇರೆ ಖಂಡಗಳ ಲಕ್ಷಾಂತರ ಜನರನ್ನು ಸೆಳೆದುಕೊಂಡಿತು.

ಲೆಕ್ಕ ಹಾಕಿದರೆ ದಿನಕ್ಕೆ ೧,೬೬೭ ಪದಗಳಾಗುತ್ತವೆ. ಅದು ಸಣ್ಣ ಕೆಲಸವಲ್ಲ. ಇಷ್ಟು ವೇಗದಲ್ಲಿ ಬರೆದುದು ಸಾಹಿತ್ಯವಾದೀತೆ ಎಂಬ ಶಂಕೆ ವಾಚಕರಿಗೆ ಹುಟ್ಟುವುದು ಸಹಜ, ಹುಟ್ಟಬೇಕಾದುದೇ. ಆದರೆ ಆ ಕೂಟದವರು ಸಾಧಿಸಹೊರಟುದು ಸಾಹಿತ್ಯವನ್ನಲ್ಲ, ಮೊದಲ ಕರಡನ್ನು. ಸಾರಾ ಗ್ರೂಯೆನ್ ಅವರ ‘ವಾಟರ್ ಫಾರ್ ಎಲಿಫೆಂಟ್ಸ್’ (೨೦೦೬), ಎರಿನ್ ಮಾರ್ಗನ್‌ಸ್ಟರ್ನ್ ಅವರ ‘ದಿ ನೈಟ್ ಸರ್ಕಸ್’ (೨೦೧೧) ಎಂಬ ಕಾದಂಬರಿಗಳು ಈ ನವೆಂಬರುಗಳಲ್ಲಿ ಮೊಳೆತವು. ಎರಡನೆಯದು ಒಂದಕ್ಕಿಂತ ಹೆಚ್ಚು ನವೆಂಬರುಗಳಲ್ಲಿ ಹರಡಿಕೊಂಡು, ಆಮೇಲೆ ಹಲವು ಸಲ ತಿದ್ದಿಸಿಕೊಂಡು ಹೊರಬಂದಿತು. ಕರಡಿಗೆ ಕೂಟ, ತಿದ್ದುವುದಕ್ಕೆ ಏಕಾಂತ ಎಂಬ ವಿಭಾಗವೇ ಇಲ್ಲಿ ನಮ್ಮ ಕಣ್ಣಿಗೆ ಬೀಳುತ್ತದೆ. ರಾಜಶೇಖರನು ಇದಕ್ಕೆ ಸರಿಯಾಗಿ ವಿಪರ್ಯಾಸವಾಗಿ ರಚನೆಯನ್ನು ಏಕಾಂತಕ್ಕೂ ಪರೀಕ್ಷೆಯನ್ನು ಕೂಟಕ್ಕೂ ಒಪ್ಪಿಸಿದ್ದಾನೆ. ರಚನೆಯ ಯಾಮದಲ್ಲಿ ಗೆಳೆಯರ ಮಾತೇ ಇಲ್ಲ. ಆಸ್ಥಾನ ಕವಿಗೆ ಬೆಳಗಿನ ಹೊತ್ತು ಬರೆಯಲು ಬಿಡುವಿತ್ತು, ಬರೆಯತಕ್ಕದ್ದೆಂಬ ಕಟ್ಟೂ ಇತ್ತು. ಗುಮಾಸ್ತೆಗೂ ದಾದಿಗೂ ಮೇಷ್ಟರಿಗೂ ಎರಡೂ ಇಲ್ಲ. ಅವರಿಗೆ ಆ ಕಟ್ಟನ್ನು ಒದಗಿಸಿಕೊಟ್ಟುದೇ ನವೆಂಬರಿನ ಕೂಟ.

ಜೊತೆಯವರ ಇರವು ಮನುಷ್ಯನ ಕೆಲಸವನ್ನು ಚುರುಕುಗೊಳಿಸುತ್ತದೆಂಬುದು ಮನಶ್ಶಾಸ್ತ್ರದಲ್ಲಿ ಹಳೆಯ ವಿಷಯ. ೧೮೯೮ರಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬಾತನು ಸೈಕಲ್ ಸ್ಪರ್ಧೆಗಳ ದಾಖಲೆಗಳನ್ನು ನೋಡಿ, ಒಂಟಿಯಾಗಿ ಓಡಿಸುವವರಿಗಿಂತ ಜೊತೆಯಲ್ಲಿ ಓಡಿಸುವವರು ವೇಗಶಾಲಿಗಳೆಂಬುದನ್ನು ಗುರುತಿಸಿದನು. ೧೯೬೫ರಲ್ಲಿ ರಾಬರ್ಟ್ ಜಾಯೊಂಕ್ ಇದಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸಿದರು: ಚೆನ್ನಾಗಿ ರೂಢಿಯಾದ ಕೆಲಸಕ್ಕೆ ಇತರರ ಸನ್ನಿಧಿ ನೆರವಾಗುತ್ತದೆ, ಇನ್ನೂ ಕಲಿಯುತ್ತಿರುವ, ತೊಡಕಾದ ಕೆಲಸಕ್ಕೆ ಅದೇ ಅಡ್ಡಿಯಾಗುತ್ತದೆ. ಬರವಣಿಗೆಯಲ್ಲಿ ಈ ಎರಡು ಬಗೆಯ ಕೆಲಸವೂ ಹೆಣೆದುಕೊಂಡಿರುವುದರಿಂದ ಸೈಕಲ್ಲಿನ ನ್ಯಾಯವನ್ನು ನೇರವಾಗಿ ಅನ್ವಯಿಸಲಾಗದು.

ನಮ್ಮ ಓದುಗರಿಗೆ ಹೆಚ್ಚು ಹತ್ತಿರವಾದುದು ಅಧ್ಯಾಪಕರ ಬರವಣಿಗೆಯನ್ನೇ ಕುರಿತು ರಾಬರ್ಟ್ ಬಾಯ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ನಡಸಿ ೧೯೮೯ರಲ್ಲಿ ಪ್ರಕಟಿಸಿದ ಪರಿಶೀಲನೆ. ಅವರು ಕಾಲೇಜು ಅಧ್ಯಾಪಕರ ಮೂರು ತಂಡಗಳನ್ನು ತೆಗೆದುಕೊಂಡರು. ಮೊದಲನೆಯ ತಂಡದವರು ತಮ್ಮ ಹಳೆಯ ಪದ್ಧತಿಯಂತೆ ಬಿಡುವಾದಾಗ ಬರೆದರು. ವರ್ಷದ ಕೊನೆಗೆ ಅವರ ಸರಾಸರಿ ೧೭ ಪುಟ. ಎರಡನೆಯ ತಂಡದವರು ದಿನವೂ ಸ್ವಲ್ಪ ಹೊತ್ತು ಬರೆದು, ಬರೆದುದರ ಲೆಕ್ಕವನ್ನು ತಾವೇ ಇಟ್ಟರು. ಸರಾಸರಿ ೬೪ ಪುಟ. ಮೂರನೆಯ ತಂಡದವರು ಇದಿಷ್ಟನ್ನೂ ಮಾಡಿ, ವಾರಕ್ಕೊಮ್ಮೆ ಆ ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಿದರು. ಸರಾಸರಿ ೧೫೭ ಪುಟ. ಪುಟಗಳ ಎಣಿಕೆಯಿಂದ ಗುಣದ ನಿರ್ಣಯ ಆಗುವುದಿಲ್ಲವೆಂಬುದು ಸ್ಪಷ್ಟ. ಆದರೂ ಈ ಅಂಕಿಗಳನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡುವುದು ಲೇಸು. ಬಿಡುವಿಗಾಗಿ ಕಾಯುವವನಿಗೂ ದಿನವೂ ಬರೆಯುವವನಿಗೂ ಇರುವ ಅಂತರವನ್ನು ನಾವು ಊಹಿಸಬಲ್ಲೆವು. ದಿನವೂ ಬರೆಯುವ ಇಬ್ಬರಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಎರಡೂವರೆ ಪಾಲು ಹೆಚ್ಚು ಬರೆದನೆಂಬುದೇ ವಿಚಾರಾರ್ಹವಾದುದು. ಇವರಿಬ್ಬರಿಗೂ ಇರುವ ವ್ಯತ್ಯಾಸ ಒಂದೇ: ವಾರಕ್ಕೊಮ್ಮೆ ಒಬ್ಬ ಮನುಷ್ಯನು ಬಂದು, ಎಷ್ಟಾಯಿತು ಎಂದು ಕೇಳುತ್ತಾನೆ. ಅವನು ಬರೆದುದನ್ನು ಹೊಗಳಬೇಕಾಗಿಲ್ಲ. ಓದಬೇಕಾಗಿಯೂ ಇಲ್ಲ.

ಜಾಲತಾಣದ ಬರೆಹಗಾರರ ಕೂಟಗಳಲ್ಲಿ ಉಪಯುಕ್ತವಾದ ಭಾಗ ಯಾವುದೆಂದರೆ ಈ ಕೇಳುವಿಕೆಯೇ ಎಂದು ನಮಗೆ ತೋರುತ್ತದೆ. ಗೊತ್ತಾದ ಹೊತ್ತಿಗೆ ಎಲ್ಲರೂ ಕುಳಿತು ಅರ್ಧ ಗಂಟೆ ಬರೆದು ಪದಗಳ ಸಂಖ್ಯೆಯನ್ನು ಹೇಳುವುದು ಟ್ವಿಟರಿನಲ್ಲಿ ಬಹುಕಾಲ ನಡೆದು ಬಂದ ಪದ್ಧತಿ. ೨೦೨೦ರಲ್ಲಿ ಕೋವಿಡ್ ವ್ಯಾಧಿಯಿಂದ ಮನೆಗಳ ಬಾಗಿಲು ಮುಚ್ಚಿದಾಗ, ಲಂಡನ್ನಿನ ಒಂದು ಬರೆಹಗಾರರ ಕೂಟದವರು ವಾರದ ಕೆಲಸದ ದಿನಗಳಲ್ಲೆಲ್ಲ ಜೂಮ್ ಮೂಲಕ ಒಂದು ಗಂಟೆ ಕೂಡುವ ಏರ್ಪಾಡನ್ನು ಮಾಡಿದರು. ಅಲ್ಲಿ ಉಪನ್ಯಾಸವಿಲ್ಲ, ವಾಚನವಿಲ್ಲ. ಪರದೆಯ ಮೇಲೆ ನೂರಾರು ಮುಖಗಳು ಸುಮ್ಮನೆ ತಲೆ ಬಗ್ಗಿಸಿ ಬರೆಯುತ್ತಿರುತ್ತವೆ. ನಮ್ಮ ಹಳೆಯ ವಿದ್ಯಾರ್ಥಿನಿಲಯಗಳಲ್ಲಿ ಪರೀಕ್ಷೆಯ ದಿನಗಳಲ್ಲಿ ಒಂದೇ ದೀಪದ ಸುತ್ತ ನಾಲ್ಕು ಜನ ಕುಳಿತು ಬೇರೆ ಬೇರೆ ಪುಸ್ತಕಗಳನ್ನು ಓದುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು.

ಈಗ ಹಿಂದಿನ ಕೂಟಗಳ ಕಡೆಗೆ ತಿರುಗೋಣ. ಕನ್ನಡದಲ್ಲಿ ಬರೆಯುವವರ ಸಂಗವೆಂದೊಡನೆ ನೆನಪಿಗೆ ಬರುವುದು ೧೯೨೨ರಲ್ಲಿ ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಕೂಡಿಕೊಂಡ ‘ಗೆಳೆಯರ ಗುಂಪು’. ಶಂ.ಬಾ. ಜೋಶಿ, ಬೆಟಗೇರಿ ಕೃಷ್ಣಶರ್ಮ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಜಿ.ಬಿ. ಜೋಶಿ ಮೊದಲಾದವರು ಆ ಗುಂಪಿಗೆ ಸೇರಿದವರು. ಇವರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ಶಂ.ಬಾ. ಅವರದು ನಾಡುನುಡಿಗಳ ಮೂಲವನ್ನು ಅಗೆಯುವ ಸಂಶೋಧನೆ. ಬೆಟಗೇರಿಯವರದು ಹಳ್ಳಿಯ ಬದುಕನ್ನು ಬಲ್ಲ ಕಥೆ, ಕವಿತೆ. ಮುಗಳಿಯವರು ಸಾಹಿತ್ಯ ಚರಿತ್ರಕಾರರು. ಗೋಕಾಕರು ಇಂಗ್ಲಿಷ್ ಸಾಹಿತ್ಯದಲ್ಲಿ ಮುಳುಗಿದ್ದವರು, ಕನ್ನಡ ಕಾವ್ಯದ ಮಾರ್ಗದಲ್ಲಿ ಬೇಂದ್ರೆಯವರನ್ನು ಗುರುವೆಂದು ಭಾವಿಸಿದವರು. ಗುಂಪಿನವರು ಕೂಡಿ ಕವಿತೆ ಓದುವುದರಲ್ಲಿಯೇ ತೃಪ್ತರಾಗಲಿಲ್ಲ. ೧೯೨೬ರಿಂದ ನಾಡಹಬ್ಬವನ್ನು ಆಚರಣೆಗೆ ತಂದರು. ೧೯೩೩ರಲ್ಲಿ ಜಿ.ಬಿ. ಜೋಶಿಯವರು ‘ಮನೋಹರ ಗ್ರಂಥಮಾಲೆ’ಯನ್ನು ಸ್ಥಾಪಿಸಿದುದರಿಂದ ಗೆಳೆತನಕ್ಕೆ ಮುದ್ರಣದ ಆಸರೆಯೂ ದೊರೆಯಿತು. ಧಾರವಾಡದ ಸುಭಾಸ ರಸ್ತೆಯಲ್ಲಿರುವ ಆ ಗ್ರಂಥಮಾಲೆಯ ಅಟ್ಟವು ಮುಂದಿನ ಪೀಳಿಗೆಯ ಬರೆಹಗಾರರಿಗೆ ಕೂಡುವ ತಾಣವಾಯಿತು. ಕೀರ್ತಿನಾಥ ಕುರ್ತಕೋಟಿಯವರಂತಹ ವಿಮರ್ಶಕರು ಅಲ್ಲಿದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ ೧೯೬೧ರಲ್ಲಿ ಪ್ರಕಟವಾದುದು ಈ ಗ್ರಂಥಮಾಲೆಯಿಂದಲೇ. ಬರೆದ ಹಸ್ತಪ್ರತಿಯನ್ನು ಮೊದಲು ಓದುವ ವಿಮರ್ಶಕನೂ ಅದನ್ನು ಅಚ್ಚು ಮಾಡಿಸುವ ಪ್ರಕಾಶಕನೂ ಒಂದೇ ಅಟ್ಟದ ಮೇಲೆ ಸಿಕ್ಕುವ ಭಾಗ್ಯ ಎಲ್ಲ ಕಾಲದ ಬರೆಹಗಾರರಿಗೂ ಇರುವುದಿಲ್ಲ.

ಹಲಸಂಗಿಯ ಗೆಳೆಯರ ದೃಷ್ಟಾಂತವು ಇದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು. ವಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ, ವಿಶ್ವವಿದ್ಯಾನಿಲಯವಾಗಲಿ ಮುದ್ರಣಾಲಯವಾಗಲಿ ಕಣ್ಣಳವಿಯಲ್ಲಿಲ್ಲದ ಕಡೆ, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾ, ಕಾಪಸೆ ರೇವಪ್ಪ ಇವರು ಕೂಡಿಕೊಂಡರು. ಅವರು ಕೈಗೆತ್ತಿಕೊಂಡ ಕೆಲಸ ತಮ್ಮ ಕವಿತೆಗಳನ್ನು ಪರಸ್ಪರ ಮೆಚ್ಚುವುದಲ್ಲ. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಳ್ಳುವುದು. ೧೯೩೧ರಲ್ಲಿ ಹೊರಬಂದ ‘ಗರತಿಯ ಹಾಡು’ ಅದರ ಫಲ. ಕೂಟಕ್ಕೆ ತನ್ನಿಂದ ಹೊರಗಿನ ಒಂದು ಕೆಲಸ ಇದ್ದರೆ ಅದು ಬಾಳುತ್ತದೆ ಎಂದು ಹೇಳಲು ಈ ಹಳ್ಳಿಯ ನಾಲ್ವರಷ್ಟು ಒಳ್ಳೆಯ ಸಾಕ್ಷಿ ನಮಗೆ ತಿಳಿದಮಟ್ಟಿಗೆ ಬೇರೆ ಇಲ್ಲ. ಜಾಲತಾಣದಲ್ಲಿಯೂ ಇಂತಹ ಕೆಲಸ ಸಾಧ್ಯವಿದೆ. ಅಲ್ಲಿ ಊರೂರಿನ ನುಡಿಗಟ್ಟುಗಳನ್ನೂ ಅಡುಗೆಯ, ಬೇಸಾಯದ ಮಾತುಗಳನ್ನೂ ಕೂಡಿಹಾಕುವವರನ್ನು ನೋಡಿದಾಗಲೆಲ್ಲ ನಮಗೆ ಹಲಸಂಗಿಯ ನೆನಪಾಗುತ್ತದೆ.

ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡಿನ ‘ಇಂಕ್ಲಿಂಗ್ಸ್’ ಎಂಬ ಕೂಟವು ಸಿ.ಎಸ್. ಲೂಯಿಸ್ ಅವರ ಕಾಲೇಜು ಕೊಠಡಿಯಲ್ಲಿ ಗುರುವಾರ ರಾತ್ರಿಗಳಲ್ಲಿಯೂ, ‘ಈಗಲ್ ಅಂಡ್ ಚೈಲ್ಡ್’ ಎಂಬ ಪಾನಗೃಹದಲ್ಲಿ ಮಂಗಳವಾರಗಳಲ್ಲಿಯೂ ಸೇರುತ್ತಿತ್ತು. ಗುರುವಾರ ಹಸ್ತಪ್ರತಿಗಳ ವಾಚನ. ಮಂಗಳವಾರ ಬರಿಯ ಹರಟೆ. ಜೆ.ಆರ್.ಆರ್. ಟೋಲ್ಕೀನ್ ಅವರು ೧೯೩೭ರ ಡಿಸೆಂಬರಿನಲ್ಲಿ ಆರಂಭಿಸಿದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಥೆಯನ್ನು ಅಧ್ಯಾಯ ಅಧ್ಯಾಯವಾಗಿ ಇಲ್ಲಿ ಓದಿದರು. ನಿಂತುಹೋಗಿದ್ದ ಬರವಣಿಗೆಯು ೧೯೪೪ರಲ್ಲಿ ಲೂಯಿಸ್ ಅವರ ಒತ್ತಾಯದಿಂದಲೇ ಮತ್ತೆ ಹರಿಯಿತು. ತಾವು ಲೂಯಿಸ್ ಅವರಿಗೆ ಋಣಿಯಾಗಿರುವುದು ಸಾಮಾನ್ಯವಾಗಿ ಹೇಳುವ ಪ್ರಭಾವಕ್ಕಾಗಿ ಅಲ್ಲ, ಕೇವಲ ಪ್ರೋತ್ಸಾಹಕ್ಕಾಗಿ. ಬಹುಕಾಲದವರೆಗೆ ತಮಗಿದ್ದ ಶ್ರೋತೃ ಅವರೊಬ್ಬರೇ ಎಂಬ ಅರ್ಥದ ಮಾತನ್ನು ಟೋಲ್ಕೀನರು ಮುಂದೆ ಒಂದು ಪತ್ರದಲ್ಲಿ ಬರೆದಿದ್ದಾರೆ. ಅದೇ ಕೂಟದಲ್ಲಿ ಹ್ಯೂಗೋ ಡೈಸನ್ ಎಂಬವರಿಗೆ ಆ ಕಥೆ ಕಿವಿಗೆ ಹಿಡಿಸುತ್ತಿರಲಿಲ್ಲ. ಅವರು ಬಂದಾಗ ವಾಚನವನ್ನು ನಿಲ್ಲಿಸಬೇಕಾಗುತ್ತಿತ್ತು. ಕೂಟವೆಂದರೆ ಡೈಸನ್ನರೂ ಇರತಕ್ಕವರೇ. ಒಬ್ಬ ಲೂಯಿಸ್ ಇದ್ದರೆ ಅವರನ್ನು ತಡೆದುಕೊಳ್ಳಬಹುದು.

ಜಾಲತಾಣದಲ್ಲಿ ಲೂಯಿಸ್ ಅವರು ಯಾರು, ಡೈಸನ್ನರು ಯಾರು ಎಂದು ಹೇಗೆ ತಿಳಿಯಬೇಕು? ಇಲ್ಲಿ ಮತ್ತೆ ರಾಜಶೇಖರನೇ ನೆರವಿಗೆ ಬರುತ್ತಾನೆ. ಅವನು ಭಾವಕರನ್ನು, ಎಂದರೆ ಕಾವ್ಯವನ್ನು ಗ್ರಹಿಸುವವರನ್ನು, ನಾಲ್ಕು ಬಗೆಯಾಗಿ ಎಣಿಸಿದ್ದಾನೆ. ಅರೋಚಕಿಗೆ ಯಾವುದೂ ರುಚಿಸದು. ಸತೃಣಾಭ್ಯವಹಾರಿಯು ಹುಲ್ಲನ್ನೂ ಬಿಡದೆ ತಿನ್ನುವವನು. ಅವನಿಗೆ ಎಲ್ಲವೂ ಒಪ್ಪಿತ. ಮತ್ಸರಿಯು ಗುಣವನ್ನು ಕಂಡೂ ಕಾಣದಂತಿರುವವನು. ತತ್ತ್ವಾಭಿನಿವೇಶಿಯಾದರೋ ಸಾವಿರಕ್ಕೊಬ್ಬನು ಸಿಕ್ಕಿದರೆ ಸಿಕ್ಕಿದ. ಈ ಪಟ್ಟಿಯನ್ನು ಇಟ್ಟುಕೊಂಡು ಯಾವುದಾದರೊಂದು ಕನ್ನಡ ಕವಿತೆಯ ಕೆಳಗಿನ ಪ್ರತಿಕ್ರಿಯೆಗಳನ್ನು ಓದಿದವರಿಗೆ ಗ್ರಂಥಕಾರನು ಸಾವಿರದ ನೂರು ವರ್ಷದ ಹಿಂದಿನವನೆಂಬುದೇ ಮರೆತುಹೋದೀತು. ‘ಸೂಪರ್’ ಎಂದು ಬರೆದು ಮುಂದಕ್ಕೆ ಹೋಗುವವನು ಸತೃಣಾಭ್ಯವಹಾರಿಯೇ ಅಲ್ಲವೆ? ೨೦೦೯ರ ಫೆಬ್ರವರಿಯಲ್ಲಿ ಫೇಸ್‌ಬುಕ್ ‘ಲೈಕ್’ ಎಂಬ ಗುಂಡಿಯನ್ನು ಒದಗಿಸಿದ ಮೇಲೆ ಆ ಒಂದು ಪದವನ್ನು ಬರೆಯುವ ಶ್ರಮವೂ ತಪ್ಪಿತು.

ಈ ಗುಂಡಿಯನ್ನು ನಾವು ಹಾಸ್ಯಕ್ಕಾಗಿ ಎತ್ತಿ ಆಡಿದುದಲ್ಲ. ೧೯೮೫ರಲ್ಲಿ ಟೆರೆಸಾ ಅಮಬಿಲೆ ಎಂಬ ಮನಶ್ಶಾಸ್ತ್ರಜ್ಞೆಯು ಪ್ರಕಟಿಸಿದ ಒಂದು ಪ್ರಯೋಗವು ಇಲ್ಲಿ ಉಲ್ಲೇಖಾರ್ಹವಾಗಿದೆ. ಬರವಣಿಗೆಯಲ್ಲಿ ತೊಡಗಿದ್ದ ೭೨ ಮಂದಿಯಿಂದ ಆಕೆ ಮೊದಲು ಒಂದು ಕಿರುಗವಿತೆಯನ್ನು ಬರೆಸಿದಳು. ಆಮೇಲೆ ಒಂದು ತಂಡದವರಿಗೆ ಹಣ, ಕೀರ್ತಿ, ಇತರರ ಮೆಚ್ಚುಗೆ ಮೊದಲಾದ ಬಾಹ್ಯ ಕಾರಣಗಳ ಪಟ್ಟಿಯನ್ನು ಕೊಟ್ಟು ತಮಗೆ ಮುಖ್ಯವಾದ ಕ್ರಮದಲ್ಲಿ ಜೋಡಿಸಲು ಹೇಳಿದಳು. ಇನ್ನೊಂದು ತಂಡದವರಿಗೆ ಬರೆಯುವ ಸಂತೋಷ, ಮಾತಿನೊಡನೆ ಆಡುವ ಆಸೆ ಮೊದಲಾದ ಆಂತರಿಕ ಕಾರಣಗಳ ಪಟ್ಟಿಯನ್ನು ಕೊಟ್ಟಳು. ಮೂರನೆಯವರಿಗೆ ಯಾವ ಪಟ್ಟಿಯೂ ಇಲ್ಲ. ಕೆಲವು ನಿಮಿಷಗಳ ಕೆಲಸ, ಅಷ್ಟೆ. ಬಳಿಕ ಎಲ್ಲರೂ ಎರಡನೆಯ ಕವಿತೆಯನ್ನು ಬರೆದರು. ಯಾವುದು ಯಾರದೆಂದು ತಿಳಿಯದ ಕವಿಗಳೇ ಅವನ್ನು ತೂಗಿ ನೋಡಿದಾಗ, ಬಾಹ್ಯ ಕಾರಣಗಳನ್ನು ನೆನೆದವರ ಕವಿತೆಗಳು ಉಳಿದವರ ಕವಿತೆಗಳಿಗಿಂತ ಸತ್ವಹೀನವಾಗಿದ್ದುವು. ಹೊರಗಿನ ಮೆಚ್ಚುಗೆಯನ್ನು ಕ್ಷಣಕಾಲ ನೆನೆದ ಮಾತ್ರಕ್ಕೆ ಹೀಗಾಗುವುದಾದರೆ, ಬರೆದ ಹತ್ತು ನಿಮಿಷದಲ್ಲಿ ಅದನ್ನು ಅಂಕಿಯಲ್ಲಿ ಎಣಿಸಿ ತೋರಿಸುವ, ಪಕ್ಕದವರ ಅಂಕಿಯನ್ನೂ ಜೊತೆಗಿಟ್ಟು ತೋರಿಸುವ ಯಂತ್ರದ ಮುಂದೆ ದಿನವೂ ಕುಳಿತಿರುವ ಹದಿನೆಂಟು ವರ್ಷದ ಕವಿಯ ಪಾಡೇನು? ಪ್ರಯೋಗಶಾಲೆಯ ಫಲವನ್ನು ಬದುಕಿಗೆ ಇಡಿಯಾಗಿ ಹೊಂದಿಸಬಾರದೆಂಬ ಎಚ್ಚರ ನಮಗಿದೆ. ಆದರೂ ಯಾವ ಬಗೆಯ ಸಾಲುಗಳಿಗೆ ಹೆಚ್ಚು ‘ಲೈಕು’ ಬೀಳುವುದೋ ಆ ಬಗೆಯ ಸಾಲುಗಳೇ ಮತ್ತೆ ಮತ್ತೆ ಹುಟ್ಟುತ್ತಿರುವುದನ್ನು ತರಗತಿಯಲ್ಲಿ ನಾವೆಲ್ಲರೂ ನೋಡುತ್ತಿದ್ದೇವೆ.

ಇನ್ನೊಂದು ಅಪಾಯವು ಅಷ್ಟು ಬೇಗ ಕಣ್ಣಿಗೆ ಬೀಳತಕ್ಕದ್ದಲ್ಲ. ಅರ್ಧ ರಚಿಸಿದ ಕಾವ್ಯವನ್ನು ಓದಬಾರದು, ಓದಿದರೆ ಅದು ಮುಗಿಯದೆ ಉಳಿಯುವುದೇ ಫಲ ಎಂದು ರಾಜಶೇಖರನು ಹೇಳಿ, ಇದನ್ನು ಕವಿರಹಸ್ಯವೆಂದು ಕರೆದಿದ್ದಾನೆ. ಬಹುಕಾಲ ಇದು ಬರಿಯ ಮೂಢನಂಬಿಕೆಯಂತೆ ತೋರುತ್ತಿದ್ದುದು ಸಹಜ. ೨೦೦೯ರಲ್ಲಿ ಪೀಟರ್ ಗಾಲ್ವಿಟ್ಸರ್ ಮತ್ತು ಅವರ ಸಹೋದ್ಯೋಗಿಗಳು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳೇ ಮೊದಲಾದವರ ಮೇಲೆ ನಡಸಿದ ಪ್ರಯೋಗಗಳಲ್ಲಿ, ತಮ್ಮ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದರೆಂದು ತಿಳಿದವರು ಆ ಸಂಕಲ್ಪಕ್ಕಾಗಿ ಕಡಿಮೆ ದುಡಿದುದು ಕಂಡುಬಂದಿತು. ‘ನಾನು ಇಂಥವನಾಗುತ್ತೇನೆ’ ಎಂದು ಹೇಳಿ ಕೇಳಿಸಿಕೊಂಡ ಕ್ಷಣದಲ್ಲಿಯೇ ಆದಷ್ಟು ತೃಪ್ತಿ ಉಂಟಾಗಿಬಿಡುವುದೇ ಇದಕ್ಕೆ ಕಾರಣವೆಂದು ಅವರ ಊಹೆ. ‘ಕಾದಂಬರಿ ಬರೆ‍ಯಲು ತೊಡಗಿದ್ದೇನೆ’ ಎಂದು ಪ್ರಕಟಿಸಿ ಇನ್ನೂರು ಅಭಿನಂದನೆಗಳನ್ನು ಪಡೆದವನಿಗೆ ಕಾದಂಬರಿಕಾರನಾಗುವ ಸುಖದಲ್ಲಿ ಒಂದು ಪಾಲು ಮುಂಗಡವಾಗಿ ಸಂದುಹೋಗಿರುತ್ತದೆ. ಹಾಗಾದರೆ ಬಾಯ್ಸ್ ಅವರ ಮೂರನೆಯ ತಂಡಕ್ಕೆ ಲಾಭವಾದುದು ಹೇಗೆ? ಅವರು ಒಪ್ಪಿಸಿದುದು ಸಂಕಲ್ಪವನ್ನಲ್ಲ, ಲೆಕ್ಕವನ್ನು. ಮುಂದೆ ಮಾಡುವುದನ್ನಲ್ಲ, ಮಾಡಿದುದನ್ನು. ಒಂದೇ ಜಾಲತಾಣದಲ್ಲಿ ಈ ಎರಡು ಬಗೆಯ ಮಾತೂ ಬೆರೆತಿರುವುದರಿಂದ ಒಬ್ಬನಿಗೆ ಮದ್ದಾದುದು ಇನ್ನೊಬ್ಬನಿಗೆ ವಿಷವಾಗುತ್ತಿದೆ.

ಹೊಸ ರಚನೆಯನ್ನು ಒಬ್ಬನೇ ಒಬ್ಬನ ಮುಂದೆ ಓದಬಾರದೆಂದೂ ರಾಜಶೇಖರನ ವಿಧಿಯಿದೆ. ಕೇಳಿದವನು ಅದು ತನ್ನದೆಂದರೆ ಸಾಕ್ಷಿ ಹೇಳುವವರಾರು? ಈ ಭಯಕ್ಕೆ ಜಾಲತಾಣವು ಪರಿಹಾರವನ್ನೂ ಒದಗಿಸಿದೆ, ಹೊಸ ಅವಕಾಶವನ್ನೂ ಕೊಟ್ಟಿದೆ. ಬರೆದ ದಿನವೂ ಗಳಿಗೆಯೂ ಅಲ್ಲಿ ದಾಖಲಾಗುತ್ತವೆ. ಆದರೆ ಹೆಸರಳಿಸಿದ ಕವಿತೆಗಳು ವಾಟ್ಸಾಪಿನಲ್ಲಿ ಊರೂರು ಸುತ್ತುವಾಗ ಆ ದಾಖಲೆಯನ್ನು ಹುಡುಕುವವರಿಲ್ಲ.

ಸಂಗವು ಗುಂಪಾಗಿ ತಿರುಗಿ ನಿಲ್ಲುವುದೂ ಉಂಟು. ತಮಿಳಿನ ಪೆರುಮಾಳ್ ಮುರುಗನ್ ಅವರ ‘ಮಾದೊರುಬಾಗನ್’ ಕಾದಂಬರಿ ೨೦೧೦ರಲ್ಲಿ ಪ್ರಕಟವಾಗಿತ್ತು. ೨೦೧೪ರ ಕೊನೆಯಲ್ಲಿ ಅದರ ವಿರುದ್ಧ ಅವರ ಊರಿನಲ್ಲಿಯೇ ಪ್ರತಿಭಟನೆ ಎದ್ದಿತು. ೨೦೧೫ರ ಜನವರಿಯಲ್ಲಿ ಅವರು ತಮ್ಮೊಳಗಿನ ಬರೆಹಗಾರನು ಸತ್ತನೆಂದು ಪ್ರಕಟಿಸಿದರು, ಪ್ರಕಟಿಸಿದುದು ಫೇಸ್‌ಬುಕ್ಕಿನಲ್ಲಿ. ಅದನ್ನು ಓದಿ ಅವರ ಪರವಾಗಿ ದೇಶದ ನಾನಾ ಭಾಷೆಗಳ ಬರೆಹಗಾರರು ನಿಂತುದೂ ಬಹುಮಟ್ಟಿಗೆ ಇದೇ ಜಾಲತಾಣಗಳ ಮೂಲಕ. ೨೦೧೬ರ ಜುಲೈಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತ ಮೇಲೆ ಅವರು ಮತ್ತೆ ಬರೆಯತೊಡಗಿದರು. ಲೇಖನಿಯನ್ನು ಅವರ ಕೈಗೆ ಹಿಂದಿರುಗಿಸಿದುದು ನ್ಯಾಯಾಲಯ. ಆದರೆ ನಡುವಣ ಒಂದೂವರೆ ವರ್ಷ ಅವರು ಒಂಟಿಯಲ್ಲವೆಂದು ತಿಳಿಸಿದವರ ಪಾತ್ರವನ್ನು ಅಲ್ಲಗಳೆಯಲಾಗದು.

ಜಾಲತಾಣದ ಕೂಟಗಳು ಎಷ್ಟು ಕಾಲ ನಿಲ್ಲತಕ್ಕವು ಎಂಬುದನ್ನೂ ನೋಡಬೇಕು. ಭಾರತದಲ್ಲಿ ಬಹು ಜನಪ್ರಿಯವಾಗಿದ್ದ ಆರ್ಕುಟ್ ೨೦೧೪ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಅಲ್ಲಿ ನಡೆದ ಸಾಹಿತ್ಯ ಚರ್ಚೆಗಳ ಗತಿಯೂ ಅದರೊಡನೆ ಮುಗಿಯಿತು. ನ್ಯಾನೋರೈಮೋ ಸಂಸ್ಥೆಯು ಕಿರಿಯ ಸದಸ್ಯರ ಸುರಕ್ಷತೆಯನ್ನು ಕುರಿತ ದೂರುಗಳಿಂದ ೨೦೨೩ರಲ್ಲಿ ತನ್ನ ಚರ್ಚಾವೇದಿಕೆಗಳನ್ನು ಮುಚ್ಚಬೇಕಾಯಿತು. ೨೦೨೪ರಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯನ್ನು ಸಾರಾಸಗಟಾಗಿ ಖಂಡಿಸಲಾಗದೆಂಬ ಹೇಳಿಕೆಯನ್ನು ಕೊಟ್ಟು ಅನೇಕ ಬರೆಹಗಾರರ ವಿಶ್ವಾಸವನ್ನು ಕಳೆದುಕೊಂಡಿತು. ೨೦೨೫ರ ಮಾರ್ಚ್ ೩೧ರಂದು ತಾನು ಮುಚ್ಚುತ್ತಿರುವುದಾಗಿ ಪ್ರಕಟಿಸಿತು. ಇಪ್ಪತ್ತೊಂದು ಜನ ಗೆಳೆಯರು ಕೂಡಿ ಆಡಿದ ಒಂದು ಆಟವು ಕಚೇರಿ, ಹಣಕಾಸು, ಆಡಳಿತಗಳುಳ್ಳ ಸಂಸ್ಥೆಯಾಗಿ ಬೆಳೆದು ಕಾಲು ಶತಮಾನದಲ್ಲಿ ತನ್ನ ಭಾರದಿಂದಲೇ ಕುಸಿಯಿತೆನ್ನಬಹುದು. ಆದರೆ ನವೆಂಬರಿನಲ್ಲಿ ಬರೆಯುವ ರೂಢಿಯನ್ನು ಬಿಡದೆ, ಐದಾರು ಜನರ ತಂಡಗಳಾಗಿ ಅದನ್ನು ನಡಸಿಕೊಂಡು ಹೋಗುತ್ತಿರುವವರಿದ್ದಾರೆ. ಅವರಿಗೆ ಸಂಸ್ಥೆಯ ಅವಶ್ಯಕತೆ ಮುಗಿದಿತ್ತು.

ನಮ್ಮ ಕಾಲೇಜುಗಳಲ್ಲಿ ಇದನ್ನು ಪ್ರಯೋಗಿಸುವುದು ಕಷ್ಟವಲ್ಲ. ಸಂಶೋಧನೆಯಲ್ಲಿ ತೊಡಗಿರುವ ನಾಲ್ಕೈದು ಅಧ್ಯಾಪಕರು, ಬೇರೆ ಬೇರೆ ಊರಿನವರಾದರೂ ಸರಿ, ಒಂದು ವಾಟ್ಸಾಪ್ ಗುಂಪನ್ನು ಕಟ್ಟಿಕೊಂಡು ಪ್ರತಿ ಶನಿವಾರ ತಾವು ಬರೆದ ಪುಟಗಳ ಸಂಖ್ಯೆಯನ್ನು ಮಾತ್ರ ಹೇಳಬಹುದು. ಶುಭಾಶಯಗಳನ್ನೂ ಮುಂದೂಡಿದ ಸಂದೇಶಗಳನ್ನೂ ಅಲ್ಲಿಂದ ಹೊರಗಿಡಬೇಕು. ಇದೇ ಎಲ್ಲಕ್ಕಿಂತ ಕಷ್ಟದ ನಿಯಮವಾದೀತು. ವಿದ್ಯಾರ್ಥಿಗಳ ಸಂಘಗಳಲ್ಲಿ ಕರಡನ್ನು ಜಾಲತಾಣಕ್ಕೆ ಏರಿಸುವ ಮುನ್ನ ಗುರುತಿನ ಇಬ್ಬರಿಗೆ ಓದಿ ಹೇಳುವ ಕಟ್ಟಳೆಯಿರಬಹುದು. ಇಬ್ಬರೇ ಏಕೆಂದರೆ ಒಬ್ಬನೇ ಆದರೆ ರಾಜಶೇಖರನು ಒಪ್ಪನು. ಕವಿತೆಯು ಮುಗಿದ ಮೇಲೆ ಅದನ್ನು ಲೋಕದ ಮುಂದಿಡಲು ಫೇಸ್‌ಬುಕ್ಕಿನಷ್ಟು ವಿಶಾಲವಾದ ಸಭೆ ಹಿಂದೆಂದೂ ಇರಲಿಲ್ಲವೆಂಬುದು ಸತ್ಯವೇ. ಅದೇ ‘ಕಾವ್ಯಮೀಮಾಂಸೆ’ಯಲ್ಲಿ ವರ್ಣಿತವಾದ ರಾಜಸಭೆಗೆ ಹದಿನಾರು ಕಂಬ, ನಾಲ್ಕು ಬಾಗಿಲು; ಕವಿಗಳ ಹಿಂದೆ ನಟರು, ಗಾಯಕರು, ಚಿತ್ರಕಾರರು, ಅಕ್ಕಸಾಲಿಗರು, ಬಡಗಿಗಳು, ಕಮ್ಮಾರರು ಎಲ್ಲರಿಗೂ ಅಲ್ಲಿ ಪೀಠಗಳಿದ್ದುವು. ಅಂತಹ ಸಭೆಗೆ ಕವಿಯು ಹೋಗುತ್ತಿದ್ದುದು ನಾಲ್ಕನೆಯ ಯಾಮದ ಪರೀಕ್ಷೆಯನ್ನು ದಾಟಿದ ಕಾವ್ಯದೊಡನೆ.

ಆಕ್ಸ್‌ಫರ್ಡಿನ ಗುರುವಾರದ ಕೂಟವು ಯಾರೂ ಮುಚ್ಚದೆ ತಾನಾಗಿ ನಿಂತುಹೋಯಿತು. ಊಟವಾದ ಮೇಲೆ ಯಾರೂ ಬರಲಿಲ್ಲವೆಂದು ಲೂಯಿಸ್ ಅವರ ಅಣ್ಣ ವಾರನ್ ಅವರು ೧೯೪೯ರ ಅಕ್ಟೋಬರಿನಲ್ಲಿ ತಮ್ಮ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಮಂಗಳವಾರದ ಹರಟೆ ಮಾತ್ರ ಮತ್ತೂ ಅನೇಕ ವರ್ಷ ನಡೆಯಿತು. ಅದೇ ಅಕ್ಟೋಬರಿನಲ್ಲಿ ಟೋಲ್ಕೀನ್ ಅವರ ಕಥೆಯ ಸಂಪೂರ್ಣ ಬೆರಳಚ್ಚು ಪ್ರತಿಯು ಲೂಯಿಸ್ ಅವರ ಕೈಯಲ್ಲಿತ್ತು. ಅದನ್ನು ಓದಿ ಮುಗಿಸಿ ಅವರು ಗೆಳೆಯನಿಗೆ ಅಭಿನಂದನೆಯ ಪತ್ರವನ್ನು ಬರೆದರು. ಆ ಪುಸ್ತಕ ಅಚ್ಚಾಗಿ ಹೊರಬರಲು ಇನ್ನೂ ಐದು ವರ್ಷ ಹಿಡಿಯಿತು.